ಮಾಗಿಯ ಚಳಿಯೂ ಮರೆವಿನ ಹಿರಿಯರೂ



ಮಾರ್ಗಶಿರ ಪುಷ್ಯಮಾಸಗಳು ಬಂದುವೆಂದರೆ ನಮ್ಮ ಬಯಲುಸೀಮೆಯಲ್ಲಿ ಹಗಲು ಕುಗ್ಗಿ ಇರುಳು ಹಿಗ್ಗುವುದು. ಡಿಸೆಂಬರ್ 21-22ರ ಹೊತ್ತಿಗೆ ಹಗಲಿನ ಅವಧಿಯು ಸುಮಾರು 11 ಗಂಟೆಗಳಿಗೆ ಇಳಿಯುತ್ತದೆ. ಶರಣರ ಕರ್ಮಭೂಮಿಯಾದ ಕಲ್ಯಾಣವನ್ನು ಒಳಗೊಂಡ ಬೀದರ ಜಿಲ್ಲೆಯಲ್ಲಿ ಬೆಳಗಿನ ಜಾವದ ಉಷ್ಣಾಂಶವು 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಗಟ್ಟಿಮುಟ್ಟಾದವನು ಚಳಿಯಾದೊಡನೆ ಕಂಬಳಿಯನ್ನು ಹುಡುಕುತ್ತಾನೆ. ಕೂಸು ಅತ್ತು ತಾಯಿಯನ್ನು ಕರೆಯುತ್ತದೆ. ಆದರೆ ತನಗೆ ಚಳಿಯಾಗುತ್ತಿದೆಯೆಂಬುದನ್ನು ಅರಿಯದ, ಅರಿತರೂ ಹೇಳಲಾರದ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಮರೆವಿನ ರೋಗಕ್ಕೆ ಸಿಕ್ಕಿದ ಅವರ ಸೇವೆಯನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಹೇಳಬೇಕೆನಿಸಿದೆ.

ಹಿಂದಿನ ವರ್ಷ ಎಳ್ಳಮಾವಾಸ್ಯೆ ಕಳೆದ ಕೆಲವು ದಿನಗಳ ಮೇಲೆ ಆ ಸೀಮೆಯ ಗೃಹಸ್ಥರೊಬ್ಬರು ತಮ್ಮ ಧರ್ಮಪತ್ನಿಯೊಡನೆ ನಮ್ಮಲ್ಲಿಗೆ ಬಂದರು. ಪಾದಕ್ಕೆರಗಿ ಕುಳಿತ ಮೇಲೆ ಬಹಳ ಹೊತ್ತಿನವರೆಗೆ ಅವರ ಬಾಯಿಂದ ಮಾತೇ ಹೊರಡಲಿಲ್ಲ. ಕೊನೆಗೆ ಹೇಳಿದರು: "ಅಪ್ಪಾವರೇ, ನಮ್ಮ ತಂದೆಯವರಿಗೆ ಎಂಬತ್ತು ತುಂಬಿತು. ಬುದ್ಧಿ ಬಂದಾಗಿನಿಂದ ಒಂದು ದಿನವೂ ಲಿಂಗಪೂಜೆಯನ್ನು ತಪ್ಪಿಸಿದವರಲ್ಲ. ಈಗ ಎರಡು ವರ್ಷದಿಂದ ಎಲ್ಲವನ್ನೂ ಮರೆಯುತ್ತಿದ್ದಾರೆ. ಉಂಡುದನ್ನು ಮರೆತು ಮತ್ತೆ ಬಡಿಸಿರೆನ್ನುತ್ತಾರೆ. ಕೊರಳಿನ ಶಿವದಾರವನ್ನು ಬಿಚ್ಚಿ ಕರಡಿಗೆಯನ್ನು ಜೋಳದ ಚೀಲದಲ್ಲಿ ಬಚ್ಚಿಡುತ್ತಾರೆ. ಮೊನ್ನೆ ಕೋಳಿ ಕೂಗುವ ಮೊದಲೇ ಎದ್ದು, ಹಕ್ಕಿ ಕಾಯಲು ಹೋಗಬೇಕೆಂದು ಧೋತರವೊಂದನ್ನೇ ಉಟ್ಟು ಹೊರಟುಬಿಟ್ಟರು. ಆ ಹೊಲವನ್ನು ಮಾರಿ ಹದಿನೈದು ವರ್ಷವಾಯಿತು! ಮಂಜಿನಲ್ಲಿ ಹುಡುಕಿ ನೋಡಿದರೆ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದರು, ಕೈಕಾಲು ಮರಗಟ್ಟಿದ್ದುವು. ಸಿಟ್ಟಿನ ಭರದಲ್ಲಿ, ಲಿಂಗ ಕಟ್ಟಿದವನಿಗೆ ಇಷ್ಟೂ ಅರಿವು ಬೇಡವೇ ಎಂದು ಹತ್ತು ಜನರ ಮುಂದೆ ಗದರಿದೆ. ಅವರು ನನ್ನ ಮುಖವನ್ನು ನೋಡಿ, 'ಯಪ್ಪಾ, ನೀವು ಯಾರ ಪೈಕಿ?' ಎಂದು ಕೇಳಿದರು."

ಇಷ್ಟು ಹೇಳಿ ಆತನು ಕಣ್ಣೊರೆಸಿಕೊಂಡನು. ಆಮೇಲೆ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣವಾದುದು. "ಲಿಂಗವನ್ನೇ ಮರೆತವರಿಗೆ ಮುಂದಿನ ಗತಿಯೇನು, ಅಪ್ಪಾವರೇ? ಇಷ್ಟು ವರ್ಷ ಮಾಡಿದ ಪೂಜೆಯೆಲ್ಲ ವ್ಯರ್ಥವಾಯಿತೇ?"

ಭಕ್ತಮಹಾಶಯರೇ, ಈ ಪ್ರಶ್ನೆಯು ಒಬ್ಬರದಲ್ಲ. ಬಾಯಿ ಬಿಟ್ಟು ಕೇಳಲು ನಾಚಿ, ಮನದೊಳಗೆ ಕೊರಗುತ್ತಿರುವ ಮನೆಗಳು ಎಷ್ಟೋ ಇವೆ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಶರಣರ ವಚನಗಳಲ್ಲಿ ಅರಿವು, ಮರೆವು ಎಂಬ ಎರಡು ಮಾತುಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಅರಿವೇ ಗುರುವೆಂದೂ, ಮರೆವೇ ಬಂಧನಕ್ಕೆ ಮೂಲವೆಂದೂ ಅವರು ಸಾರಿದ್ದಾರೆ. ಆದರೆ ಆ ಮರೆವು ಯಾವುದು? ಜೀವನು ತಾನು ಶಿವಾಂಶನೆಂಬುದನ್ನು ಮರೆತು, ನಾನು ನನ್ನದೆಂಬ ಅಹಂಕಾರಕ್ಕೆ ಒಳಗಾಗುವುದೇ ಆ ಮರೆವು. ಅದಕ್ಕೆ ಕಾರಣ ಮಲತ್ರಯಗಳು. ಅದು ಮನಸ್ಸಿನ ದೋಷ. ಆದುದರಿಂದಲೇ ಶರಣರು ಅದನ್ನು ಖಂಡಿಸಿದರು. ಬಾವಿಕಟ್ಟೆಯ ಮೇಲೆ ನಡುಗುತ್ತ ಕುಳಿತಿದ್ದ ಆ ಹಿರಿಯರ ಮರೆವು ಈ ಜಾತಿಯದಲ್ಲ. ಅದು ಶರೀರದ ರೋಗ. ಕಣ್ಣಿಗೆ ಪೊರೆ ಬಂದವನನ್ನು, ನೀನು ಲಿಂಗವನ್ನು ನೋಡುತ್ತಿಲ್ಲವೆಂದು ಯಾರಾದರೂ ಗದರುವರೇ? ಮಿದುಳಿಗೆ ಸವಕಳಿ ಬಂದವನನ್ನು ಗದರುವುದೂ ಅಷ್ಟೇ ಅನ್ಯಾಯ.

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ಆಡಿ ನಾವು ಈ ರೋಗವನ್ನು ವಯೋಧರ್ಮವೆಂದು ತಳ್ಳಿಹಾಕುತ್ತ ಬಂದೆವು. ವೈದ್ಯರು ಇದನ್ನು ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದನ್ನು 1906ರಲ್ಲಿ ಆಲ್‌ಝೈಮರ್ ಎಂಬ ಜರ್ಮನ್ ವೈದ್ಯನು ಮೊದಲು ವಿವರಿಸಿದನು. ಆದುದರಿಂದ ಆ ರೋಗಕ್ಕೆ ಅವನ ಹೆಸರೇ ನಿಂತಿತು. ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿ, ಎಂದರೆ ಹೆಚ್ಚುಕಡಿಮೆ 88 ಲಕ್ಷ ಜನರು, ಈ ಸ್ಥಿತಿಯಲ್ಲಿರುವರೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಂದಾಜು ಮಾಡಿತು. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದು ಇಲ್ಲವೆಂದ ಮೇಲೆ, ಮುಪ್ಪಿನೊಡನೆ ಎಲ್ಲರಿಗೂ ಬರುವ ಧರ್ಮವಿದಲ್ಲವೆಂಬುದು ಸ್ಪಷ್ಟವಾಯಿತಷ್ಟೆ. ಇನ್ನೊಂದು ಮಾತು: ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಉಂಟಾಗುವುದು, ಇವಕ್ಕೆ ಔಷಧಿಯಿದೆ. ಬಿ-12ರ ಕೊರತೆಯು ನಮ್ಮಂತಹ ಶಾಕಾಹಾರಿಗಳಲ್ಲಿ ಹೆಚ್ಚು. ಆದುದರಿಂದ ಗಾದೆಯನ್ನು ಆಡಿ ಸುಮ್ಮನಾಗದೆ, ಮೊದಲು ವೈದ್ಯರಿಗೆ ತೋರಿಸುವುದು ಮಕ್ಕಳ ಕರ್ತವ್ಯ.

ಇನ್ನು ಆ ಗೃಹಸ್ಥರ ಪ್ರಶ್ನೆಗೆ ಬರೋಣ. ದೀಕ್ಷೆಯ ಕಾಲದಲ್ಲಿ ಶ್ರೀಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸಿ, ಅವನೊಳಗೆ ಮೊದಲಿನಿಂದಲೂ ಇರುವ ಚಿತ್ಕಳೆಯನ್ನೇ ಇಷ್ಟಲಿಂಗರೂಪದಿಂದ ಕರಸ್ಥಲಕ್ಕೆ ತಂದುಕೊಡುವನೆಂಬುದು ನಮ್ಮ ಸಿದ್ಧಾಂತ. ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗ ಎಂದು ಒಂದೇ ವಸ್ತುವು ಮೂರಾಗಿ ನಿಂತಿದೆ. ಹೀಗಿರಲು, ಮಿದುಳಿನ ನೆನಪು ಅಳಿದ ಮಾತ್ರಕ್ಕೆ ಪ್ರಾಣದಲ್ಲಿಯೂ ಭಾವದಲ್ಲಿಯೂ ನೆಲೆಗೊಂಡ ಲಿಂಗವು ಅಳಿಯುವುದೆಂತು? ನಿದ್ರೆಯಲ್ಲಿ ನಾವೆಲ್ಲರೂ ಲಿಂಗವನ್ನು ಮರೆತಿರುತ್ತೇವೆ. ಆದರೆ ಲಿಂಗವು ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಆ ಹಿರಿಯರು ಮಾಡಿದ ಪೂಜೆಯಲ್ಲಿ ಒಂದು ಹನಿಯೂ ವ್ಯರ್ಥವಾಗಿಲ್ಲ. ಅವರ ಗತಿಯ ಚಿಂತೆಯನ್ನು ಶಿವನಿಗೆ ಬಿಡಿರಿ. ಅವರ ಚಳಿಯ ಚಿಂತೆ ಮಾತ್ರ ನಿಮ್ಮದು.

ಇಷ್ಟು ಹೇಳಿದ ಮೇಲೆ ನಾವು ಆ ತಾಯಿಯ ಕಡೆಗೆ ತಿರುಗಿ, "ಬಾವಿಯ ಕಟ್ಟೆಯಿಂದ ಅವರನ್ನು ಮನೆಗೆ ಕರೆತಂದವರಾರು, ತಾಯಿ?" ಎಂದು ಕೇಳಿದೆವು. ಆಕೆ ತಲೆ ತಗ್ಗಿಸಿಯೇ ಹೇಳಿದಳು: "ನಾನೇ ಅಪ್ಪಾವರೇ. ಕಂಬಳಿ ಹೊದಿಸಿ, 'ಮಾವನವರೇ, ಹಕ್ಕಿ ಇನ್ನೂ ಎದ್ದಿಲ್ಲ. ಬಿಸಿ ಅಂಬಲಿ ಕುಡಿದು ಹೋಗೋಣ ಬರ್ರಿ' ಎಂದೆ. ಕೈ ಹಿಡಿದುಕೊಂಡು ಸುಮ್ಮನೆ ಬಂದರು." ಹೊಲ ಮಾರಿ ಹದಿನೈದು ವರ್ಷವಾಯಿತೆಂದು ಆಕೆ ವಾದಿಸಲಿಲ್ಲ. ಅವರಿದ್ದ ಕಾಲಕ್ಕೆ ತಾನೇ ಹೋಗಿ, ಅಲ್ಲಿಂದ ಅವರನ್ನು ಒಲೆಯ ಬೆಚ್ಚನೆಗೆ ಕರೆತಂದಳು. ಭೃತ್ಯಾಚಾರವೆಂದು ಪಂಚಾಚಾರಗಳಲ್ಲಿ ಹೇಳಿರುವುದು ಇಂತಹ ನಡೆಯನ್ನೇ ಅಲ್ಲವೇ? ಸೇವಿಸುವವನು ಕಿರಿಯನಾಗಿ ನಿಂತು, ಸೇವೆಗೊಳ್ಳುವವನ ಮಾನವನ್ನು ಕಾಯುವುದೇ ಭೃತ್ಯಾಚಾರ.

ಪ್ರಕೃತ ಮಾಗಿಯ ಕಾಲದಲ್ಲಿ ಈ ಸೇವೆಯು ಹೇಗೆ ನಡೆಯಬೇಕೆಂಬುದನ್ನು ಗೃಹಸ್ಥರು ತಿಳಿದಿರತಕ್ಕದ್ದು.

ಮೊದಲನೆಯದು ಮೈಯ ಬೆಚ್ಚನೆ. ಮುಪ್ಪಿನಲ್ಲಿ ಶರೀರವು ಶಾಖವನ್ನು ಹಿಡಿದಿಡಲಾರದು. ನಡುಕವೂ ಸರಿಯಾಗಿ ಬರುವುದಿಲ್ಲ. ಮೈಶಾಖವು 35 ಡಿಗ್ರಿಗಿಂತ ಕೆಳಗಿಳಿದರೆ ಪ್ರಾಣಕ್ಕೆ ಅಪಾಯ. ಆದುದರಿಂದ ಅವರು ಕೇಳಲೆಂದು ಕಾಯದೆ, ಹೊಟ್ಟೆಯ ಮೇಲೆಯೂ ಬೆನ್ನ ಮೇಲೆಯೂ ನಿಮ್ಮ ಕೈಯಿಟ್ಟು ನೋಡಿರಿ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆಗಳು ಹಿತ. ತಲೆಗೆ ಟೊಪ್ಪಿಗೆ, ಕಾಲಿಗೆ ಕಾಲುಚೀಲವಿರಲಿ. ಕೌದಿಯನ್ನು ಕಿತ್ತೊಗೆದರೆ ಬೈಯದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊದಿಸಿರಿ. ಮೈ ತಣ್ಣಗಾಗಿ ಮಾತು ತೊದಲತೊಡಗಿದರೆ ಒದ್ದೆ ಬಟ್ಟೆಯನ್ನು ತೆಗೆದು, ಬೆಚ್ಚಗೆ ಸುತ್ತಿ, ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸತಕ್ಕದ್ದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಎರಡನೆಯದು ಬೆಂಕಿಯ ಎಚ್ಚರ. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಇಟ್ಟು ಮಲಗಿಸಬಾರದು. ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ರೆಯಲ್ಲಿಯೇ ಕೊಲ್ಲುತ್ತದೆ. ಜಗಲಿಯ ದೀಪವು ಶಾಲಿನ ಸೆರಗಿಗೆ ಎಟುಕದಂತಿರಲಿ. ಕರ್ಪೂರವನ್ನು ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಳ್ಳುವ ಭಯವಿದೆ. ಹೊಟ್ಟೆಗೆ ಹೋದರೆ ಅದು ವಿಷ. ಕೈಗೆ ಸಿಗದಂತೆ ಇಡಿರಿ. ಸ್ನಾನದ ನೀರಿನ ಬಿಸಿಯನ್ನು ಅವರ ಮಾತಿನ ಮೇಲೆ ನಂಬದೆ ನೀವೇ ಮುಟ್ಟಿ ನೋಡಿರಿ.

ಸ್ನಾನದ ವಿಷಯ ಬಂದುದರಿಂದ ಇನ್ನೊಂದು ಮಾತು. ನಸುಕಿನಲ್ಲಿಯೇ ಮಿಂದು ಪೂಜಿಸಬೇಕೆಂದು ಅವರನ್ನು ಚಳಿಯಲ್ಲಿ ಬಚ್ಚಲಿಗೆ ಎಳೆಯಬೇಡಿರಿ. ಬಿಸಿಲೇರಿದ ಮೇಲೆ ಮೀಯಿಸಿದರಾಗದೇ? ಆಗದ ದಿನ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈಯೊರೆಸಿದರೂ ಸಾಕು. ಮಲಮೂತ್ರಗಳು ಬಟ್ಟೆಯಲ್ಲಿಯೇ ಆಗಿ ಮೈಲಿಗೆಯಾಯಿತೆಂದು ಮೂಗುಮುರಿಯುವವರಿಗೆ ನಾವು ಕೇಳುವುದಿಷ್ಟೆ: ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳೇ ಲಿಂಗವಂತನಿಗಿಲ್ಲವೆಂದು ಶರಣರು ಸಾರಿರುವಾಗ, ರೋಗದ ಮೂತ್ರಕ್ಕೆ ಸೂತಕವೆಲ್ಲಿಯದು? ತೊಳೆಯಿರಿ, ಒಣಬಟ್ಟೆಯನ್ನುಡಿಸಿರಿ, ವಿಭೂತಿಯನ್ನು ಹಚ್ಚಿರಿ. ದೇಹವನ್ನೇ ಗುಡಿಯಾಗಿ ಕಂಡವರು ಬಸವಣ್ಣನವರು. ಗುಡಿಯನ್ನು ತೊಳೆಯುವವನು ಗುಡಿಯನ್ನು ಹಳಿಯುವುದಿಲ್ಲ.

ಮೂರನೆಯದು ಅನ್ನಪಾನ. ಚಳಿಯಲ್ಲಿ ಬಾಯಾರಿಕೆ ತಿಳಿಯದು. ನೀರು ಕುಡಿಯುವುದನ್ನು ಅವರು ಮರೆತೇಬಿಡುತ್ತಾರೆ. ನೀರು ಕಡಿಮೆಯಾದರೆ ಮಲಬದ್ಧತೆ ಉಂಟಾಗುತ್ತದೆ. ಮೂತ್ರದ ಸೋಂಕೂ ಸುಲಭವಾಗಿ ತಗಲುತ್ತದೆ. ಗಂಟೆಗೊಮ್ಮೆ ಎರಡು ಗುಟುಕು ಬೆಚ್ಚನೆಯ ನೀರು, ಹಾಲು, ಗಂಜಿ, ಸಾರು ಇವುಗಳನ್ನು ಕೊಡುತ್ತಿರಿ. ಕಟಕ ರೊಟ್ಟಿಯನ್ನು ನುಂಗಲಾರದವರಿಗೆ ಮೆತ್ತಗಿನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ನೆಟ್ಟಗೆ ಕುಳ್ಳಿರಿಸಿ, ತುತ್ತುತುತ್ತಾಗಿ ಉಣಿಸಿರಿ. ಮರೆವು ಒಂದೆರಡು ದಿನಗಳಲ್ಲಿಯೇ ಇದ್ದಕ್ಕಿದ್ದಂತೆ ಹೆಚ್ಚಿದರೆ, ಮಂಪರು ಅಥವಾ ಕನವರಿಕೆ ಕಂಡುಬಂದರೆ, ರೋಗ ಬೆಳೆಯಿತೆಂದು ಕೈಚೆಲ್ಲಬೇಡಿರಿ. ಶ್ವಾಸಕೋಶದ ಸೋಂಕೋ, ಮೂತ್ರದ ಸೋಂಕೋ ಒಳಗೆ ಇರಬಹುದು. ಚಿಕಿತ್ಸೆಯಿಂದ ಅದು ಇಳಿಯುವಂತಹುದು. ಮಾಗಿಗೆ ಮೊದಲೇ ಫ್ಲೂ ಜ್ವರದ ಲಸಿಕೆಯ ವಿಷಯವನ್ನು ವೈದ್ಯರಲ್ಲಿ ಕೇಳುವುದು ಲೇಸು.

ನಾಲ್ಕನೆಯದು ಬೆಳಕು. ಹೊತ್ತು ಮುಳುಗುವಾಗ ಈ ರೋಗಿಗಳ ತಳಮಳ ಹೆಚ್ಚುವುದನ್ನು ವೈದ್ಯರು ಗುರುತಿಸಿದ್ದಾರೆ. "ನಮ್ಮನೆಗೆ ಹೋಗಬೇಕು" ಎಂದು ತಮ್ಮ ಮನೆಯಲ್ಲಿಯೇ ಕುಳಿತು ಹಠ ಹಿಡಿಯುತ್ತಾರೆ. ಮಾಗಿಯಲ್ಲಿ ಕತ್ತಲೆ ಬೇಗ ಕವಿಯುವುದರಿಂದ, ಕತ್ತಲಾಗುವ ಮೊದಲೇ ದೀಪಗಳನ್ನು ಹಚ್ಚಿರಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ಮಂದವಾದ ಬೆಳಕಿರಲಿ. ಬೆಳಿಗ್ಗೆ ಎಳೆಬಿಸಿಲಿನಲ್ಲಿ ಒಂದಿಷ್ಟು ಹೊತ್ತು ಕುಳ್ಳಿರಿಸಿದರೆ ಮೈಗೂ ಹಿತ, ರಾತ್ರಿಯ ನಿದ್ರೆಗೂ ಹಿತ. ಹೊರಬಾಗಿಲಿನ ಚಿಲಕವನ್ನು ಅವರ ಕಣ್ಣಿಗೆ ಬೀಳದಷ್ಟು ಮೇಲೆ ಹಾಕಿಸಿ, ಗೆಜ್ಜೆಯೊಂದನ್ನು ಕಟ್ಟಿರಿ. ಒಬ್ಬರನ್ನೇ ಒಳಗಿಟ್ಟು ಬೀಗ ಹಾಕಿ ಹೋಗುವುದು ಮಾತ್ರ ಸಲ್ಲದು. ಮನೆಯ ಹೆಸರು, ಫೋನ್ ಸಂಖ್ಯೆಗಳನ್ನು ಅವರ ಅಂಗಿಯೊಳಗೆ ಹೊಲಿದಿರಲಿ.

ಇನ್ನು ಶಿವದಾರವನ್ನು ಬಿಚ್ಚಿಡುವ ವಿಷಯ. ಕರಡಿಗೆ ಕಾಣದಾಯಿತೆಂದು ಕೂಗಾಡಿದರೆ ಆ ಜೀವವು ಮತ್ತಷ್ಟು ಹೆದರುವುದು. ಕೊರಳಿಗೆ ದಾರವು ಸುತ್ತಿಕೊಳ್ಳುವ ಭಯವೂ ಇರುವುದರಿಂದ, ಬನಿಯನ್ನಿನ ಒಳಗಡೆ ಎದೆಯ ಭಾಗದಲ್ಲಿ ಒಂದು ಚಿಕ್ಕ ಜೇಬನ್ನು ಹೊಲಿದು ಲಿಂಗವನ್ನು ಅಲ್ಲಿರಿಸಿರಿ. ಅಂಗದ ಮೇಲೆ ಲಿಂಗವಿದ್ದಂತೆಯೂ ಆಯಿತು, ಅಪಾಯವೂ ತಪ್ಪಿತು. ಸಂದೇಹವಿದ್ದರೆ ನಿಮ್ಮ ಗುರುಗಳನ್ನು ಕೇಳಿರಿ. ಯಾವ ಗುರುವೂ ಇಂತಹವರಿಗೆ ಪ್ರಾಯಶ್ಚಿತ್ತವನ್ನು ವಿಧಿಸಲಾರನು.

ಇಷ್ಟೆಲ್ಲ ಮಾಡತಕ್ಕವರಾರು? ನಮ್ಮ ಮನೆಗಳಲ್ಲಿ ನಡೆದುಬಂದಿರುವುದು ನಿಮಗೂ ಗೊತ್ತು. ತಂದೆಯವರು ಮಗನಿಗೆ ಸೇರಿದವರು. ಸೇವೆ ಮಾತ್ರ ಸೊಸೆಗೆ ಸೇರಿದ್ದು! ರಾತ್ರಿ ನಾಲ್ಕು ಸಲ ಎದ್ದು ಹೊದಿಸುವವಳೂ ಅವಳೇ, ಬೆಳಿಗ್ಗೆ ರೊಟ್ಟಿ ಬಡಿಯುವವಳೂ ಅವಳೇ. ವರ್ಷಗಟ್ಟಲೆ ಹೀಗೆ ನಡೆದರೆ ಅವಳ ದೇಹವೇ ಕುಸಿಯುವುದು, ಮನಸ್ಸು ಬೇಸರಕ್ಕೆ ಬೀಳುವುದು. ಬೇಸರ ಬಂತೆಂದು ಅವಳು ಪಾಪಿಯಲ್ಲ. ಅವಳನ್ನು ಒಂಟಿಯಾಗಿ ಬಿಟ್ಟವರು ವಿಚಾರ ಮಾಡಬೇಕು. ದಾಸೋಹವನ್ನು ಇನ್ನೊಬ್ಬರ ಕೈಯಿಂದ ಮಾಡಿಸಿ ಫಲವನ್ನು ತಾನು ಪಡೆಯಲು ಬರುವುದಿಲ್ಲ. ಮಗನು ಒಂದು ಹೊತ್ತನ್ನು ವಹಿಸಿಕೊಳ್ಳಲಿ. ಪಟ್ಟಣದಲ್ಲಿರುವ ತಮ್ಮಂದಿರೂ ಅಕ್ಕತಂಗಿಯರೂ ಸರದಿಯ ಮೇಲೆ ಬರಲಿ. ನೆರೆಹೊರೆಯವರು ವಾರಕ್ಕೊಂದು ಸಂಜೆ ಬಂದು ಹಿರಿಯರೊಡನೆ ಕುಳಿತುಕೊಳ್ಳಲಿ. ಮನೋರೋಗಗಳ ವಿಷಯದಲ್ಲಿ ಸಲಹೆ ಪಡೆಯಲು ಟೆಲಿ-ಮಾನಸ್ ಎಂಬ ಉಚಿತ ಸರಕಾರಿ ಸೇವೆಯು 2022ರಿಂದ 14416ರಲ್ಲಿ ದೊರೆಯುತ್ತಿದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಶೂನ್ಯಸಂಪಾದನೆಯಲ್ಲಿ ಬರುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಆಯ್ದಕ್ಕಿ ಮಾರಯ್ಯನವರು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ತೊಡಗಿ ಕಾಯಕವನ್ನೇ ಮರೆತು ಕುಳಿತಾಗ, ಲಕ್ಕಮ್ಮನವರು ಅಲ್ಲಿಗೆ ಬಂದು, ಕಾಯಕವು ನಿಂತಿತೆಂದು ಪತಿಗೆ ನೆನಪು ಮಾಡಿಕೊಟ್ಟರು. ಅಷ್ಟು ದೊಡ್ಡ ಶರಣನಿಗೂ ಮರೆವು ಬಂದಿತು; ಅವನ ನೆನಪನ್ನು ಸತಿಯು ಹೊತ್ತು ನಿಂತಳು. ಒಬ್ಬರ ಮರೆವನ್ನು ಇನ್ನೊಬ್ಬರ ನೆನಪು ತುಂಬಿಕೊಡುವುದಕ್ಕಾಗಿಯೇ ಸಂಸಾರವಿರುವುದು. ಶೈಶವದಲ್ಲಿ ನಮಗೆ ಹೆಸರೇ ತಿಳಿಯದಿದ್ದಾಗ ನಮ್ಮ ಹೆಸರನ್ನು ನೆನಪಿಟ್ಟವರು ತಂದೆತಾಯಿಗಳು. ಈಗ ಅವರ ಹೆಸರನ್ನೂ, ಅವರ ಪೂಜೆಯ ಹೊತ್ತನ್ನೂ, ಅವರಿಗೆ ಹಿತವಾದ ಊಟವನ್ನೂ, ಅವರ ಚಳಿಯನ್ನೂ ನೆನಪಿಡುವ ಸರದಿಯು ನಮ್ಮದು. ಅವರು ನಮ್ಮನ್ನು ಮರೆತರೆ ಅದು ರೋಗ. ಎಲ್ಲ ನೆನಪುಗಳೂ ನೆಟ್ಟಗಿರುವ ನಾವು ಅವರನ್ನು ಮರೆತರೆ ಶರಣರು ಖಂಡಿಸಿದ ಮರೆವು ಅದೇ.

ಆ ಗೃಹಸ್ಥರು ಮಹಾಶಿವರಾತ್ರಿಯ ಹೊತ್ತಿಗೆ ಮತ್ತೊಮ್ಮೆ ಬಂದಿದ್ದರು. ತಂದೆಯವರ ರೋಗವೇನೂ ಇಳಿದಿಲ್ಲ; ಇಳಿಯುವಂತಹದೂ ಅಲ್ಲವೆಂದು ವೈದ್ಯರು ಹೇಳಿದ್ದಾರೆ. ಮಗನನ್ನು ಅವರು ಇಂದಿಗೂ ಗುರುತಿಸುವುದಿಲ್ಲ. ಆದರೆ ಬೆಳಿಗ್ಗೆ ಬಿಸಿಲೇರಿದ ಮೇಲೆ ಮಗನು ತಂದೆಯ ಎದುರಿಗೆ ಕುಳಿತು, ಅವರ ಎಡಗೈಯ ಕೆಳಗೆ ತನ್ನ ಎಡಗೈಯನ್ನು ಆಸರೆಯಾಗಿ ಹಿಡಿದು, ಲಿಂಗವನ್ನು ಅವರ ಕರಸ್ಥಲದಲ್ಲಿ ಇರಿಸುತ್ತಾನಂತೆ. ಯಾರೂ ಹೇಳದೆಯೇ ಅವರ ಬಲಗೈಯ ಮೂರು ಬೆರಳುಗಳು ವಿಭೂತಿಯನ್ನು ತೆಗೆದುಕೊಂಡು ಹಣೆಯ ಮೇಲೆ ಎಳೆಯುತ್ತವೆಯಂತೆ. ಹಳೆಯ ಅಭ್ಯಾಸಗಳು ಈ ರೋಗದಲ್ಲಿ ಬಹುಕಾಲ ಉಳಿಯುವುದುಂಟೆಂದು ವೈದ್ಯರು ಹೇಳುವರು. ಹಾಗೆಯೇ ಇರಲಿ. "ಒಂದು ದಿನ ತಮ್ಮ ಹಣೆಗೆ ಹಚ್ಚಿಕೊಂಡು, ಉಳಿದ ವಿಭೂತಿಯನ್ನು ನನ್ನ ಹಣೆಗೂ ಹಚ್ಚಿದರು, ಅಪ್ಪಾವರೇ. ನಾನು ಯಾರೆಂದು ಕೇಳಲಿಲ್ಲ" ಎಂದು ಹೇಳುವಾಗ ಆತನ ಕಂಠವು ಬಿಗಿಯಿತು.

ಭಕ್ತರೇ, ಈ ಮಾಗಿಯಲ್ಲಿ ಮಠಕ್ಕೆ ಬರಲು ಬಿಡುವಾಗದಿದ್ದರೆ ಚಿಂತಿಸಬೇಡಿರಿ. ಮನೆಯಲ್ಲಿ ಮರೆವಿನ ಹಿರಿಯರಿದ್ದರೆ ಅವರ ಮಂಚದ ಬಳಿಯೇ ನಿಮ್ಮ ಮಠ. ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ಎದ್ದುಹೋಗಿ, ಅವರ ಪಾದಗಳು ಬೆಚ್ಚಗಿವೆಯೇ ಎಂದು ಮುಟ್ಟಿ ನೋಡಿರಿ. ಪಾದಸ್ಪರ್ಶದ ಪುಣ್ಯವು ಅಲ್ಲಿಯೇ ನಿಮಗೆ ದೊರೆಯುವುದು.

ಸರ್ವರಿಗೂ ಶಿವಕೃಪೆಯಾಗಲಿ. ಓಂ ನಮಃ ಶಿವಾಯ.